ಜೋಗಕ್ಕೆ ಹೋಗೋಕೆ ತಾಳಗುಪ್ಪದಲ್ಲಿ ಇಳಿಯೋದಾ, ಸಾಗರದಲ್ಲಾ?

ಮಲ್ಲೇಶ್ವರದವಳು:
ಎಲ್ಲರಿಗೂ ನಮಸ್ಕಾರ. ಈ ಮಳೆಗಾಲದಲ್ಲಿ ಅಪ್ಪ ಅಮ್ಮನನ್ನು ಜೋಗಕ್ಕೆ ಕರ್ಕೊಂಡು ಹೋಗಬೇಕು ಅಂತಿದ್ದೇನೆ. ಅಪ್ಪನಿಗೆ ಮಂಡಿನೋವು, ರಾತ್ರಿಯಿಡೀ ಬಸ್ಸಲ್ಲಿ ಕಾಲು ಮಡಚಿಕೊಂಡು ಕೂರೋಕೆ ಆಗಲ್ಲ. ಹಾಗಾಗಿ ರೈಲೇ ಗತಿ. ಮ್ಯಾಪಿನಲ್ಲಿ ತಾಳಗುಪ್ಪ ಜೋಗಕ್ಕೆ ತುಂಬ ಹತ್ತಿರ ಕಾಣುತ್ತೆ. ಆದರೆ ಕೇಳಿದವರೆಲ್ಲ ಸಾಗರದಲ್ಲೇ ಇಳೀರಿ ಅಂತಾರೆ. ಯಾಕೆ?

ಇನ್ನೊಂದು ಪ್ರಶ್ನೆ ಅಪ್ಪನದು. ಅವರು ಹುಡುಗರಾಗಿದ್ದಾಗ ಶಿವಮೊಗ್ಗದಲ್ಲಿದ್ದರು, ಚಿಕ್ಕ ಹಳಿಯ ರೈಲಿನಲ್ಲಿ ಓಡಾಡಿದವರು. ತಾಳಗುಪ್ಪದಂಥ ಸಣ್ಣ ಊರಿನವರೆಗೆ ರೈಲು ತಂದವರು ಅಲ್ಲಿಗೇ ಯಾಕೆ ನಿಲ್ಲಿಸಿದರು ಅಂತ ಆಗಾಗ ಕೇಳ್ತಾರೆ. ಗೊತ್ತಿದ್ದವರು ಹೇಳಿ.

ಸಾಗರದ ಅಡಿಕೆ ಬೆಳೆಗಾರ:
ಅಪ್ಪನ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಿ, ಅದು ನನಗೂ ಇಷ್ಟದ ವಿಷಯ.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ. ಆಮೇಲೆ ಎಷ್ಟೋ ವರ್ಷ ಶಿವಮೊಗ್ಗವೇ ಕೊನೆ. ಮುಂದೆ ಕಾಡು, ಏರಿಳಿತ, ಮಳೆ. ಹಳಿ ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಬಂತು. ಕುಂಸಿ, ಅರಸಾಳು, ಆನಂದಪುರ ದಾಟಿ ನಮ್ಮ ಸಾಗರಕ್ಕೆ, ಕೊನೆಗೆ 1940ರಲ್ಲಿ ತಾಳಗುಪ್ಪಕ್ಕೆ. ಶಿವಮೊಗ್ಗದಿಂದ ಹತ್ತಿರ ಹತ್ತಿರ 97 ಕಿಲೋಮೀಟರ್.

ಆಗಿನ ಮ್ಯಾಪ್ ಇಟ್ಟುಕೊಂಡು ನೋಡಿ. ತಾಳಗುಪ್ಪ ಮೈಸೂರು ಸಂಸ್ಥಾನದ ಅಂಚು. ಆಚೆಗಿನ ಸಿದ್ದಾಪುರ, ಹೊನ್ನಾವರ ಎಲ್ಲ ಬಾಂಬೆ ಪ್ರಾಂತ್ಯ. ಇವತ್ತು ನಾವು ಸಂತೆಗೆ ಹೋದ ಹಾಗೆ ಹೋಗಿ ಬರುವ ಊರುಗಳು ಆಗ ಬೇರೆ ಸರ್ಕಾರದ ಕೈಯಲ್ಲಿದ್ದವು. ಮೈಸೂರಿನವರು ಹಾಕಿಸಿದ ಹಳಿ ಮೈಸೂರು ಮುಗಿಯುವಲ್ಲಿಗೆ ಬಂದು ನಿಂತಿತು. ಅದೇ ಕಾಲಕ್ಕೆ ಜೋಗದ ಕರೆಂಟಿನ ಕೆಲಸವೂ ಶುರುವಾಗಿತ್ತು. ಅಲ್ಲಿ ವಿದ್ಯುತ್ ತಯಾರಾಗಿದ್ದು 1948ರ ಹೊತ್ತಿಗೆ. ಅಂದರೆ ತಾಳಗುಪ್ಪ ನಮಗೆ ಮೂಲೆ ಅನ್ನಿಸಿದರೂ ಆಗಿನ ಮೈಸೂರಿಗೆ ಅದು ದೊಡ್ಡ ಕೆಲಸ ನಡೆಯುತ್ತಿದ್ದ ಜಾಗದ ಬಾಗಿಲು. ಅದಕ್ಕೇ ಇದನ್ನು ಯಾರಾದರೂ 'ಸುಮ್ನೆ ಹಾಕಿದ ಲೈನು' ಅಂದರೆ ನನಗೆ ಬೇಜಾರಾಗುತ್ತೆ.

ಕಷ್ಟದ ಕಾಲವೂ ಇತ್ತು. ಬೀರೂರು–ಶಿವಮೊಗ್ಗ ಬ್ರಾಡ್‌ಗೇಜ್ ಆದ ಮೇಲೆ ನಮ್ಮದು ಮಾತ್ರ ಒಂದು ಮೀಟರ್ ಅಗಲದ ಹಳಿಯಾಗಿಯೇ ಉಳಿಯಿತು. ಬೆಂಗಳೂರಿನ ಬೋಗಿ ಇಲ್ಲಿಗೆ ಬರೋ ಹಾಗಿಲ್ಲ, ಇಲ್ಲಿಯದು ಆಚೆ ಹೋಗೋ ಹಾಗಿಲ್ಲ. ಆಗ ರೈಲ್‌ಬಸ್ ಓಡುತ್ತಿತ್ತು. ಹೆಸರಿಗೆ ತಕ್ಕ ಹಾಗೆ ಹಳಿ ಮೇಲೆ ಹೋಗುವ ಬಸ್ಸೇ. ಎಂಜಿನ್ ಸದ್ದು ಒಳಗೆಲ್ಲ ತುಂಬಿಕೊಳ್ಳುತ್ತಿತ್ತು, ಪಕ್ಕದವರ ಜೊತೆ ಕೂಗಿಯೇ ಮಾತಾಡಬೇಕು. ಆದರೂ ಕಿಟಕಿ ಸೀಟಿಗೆ ಜಗಳ ತಪ್ಪುತ್ತಿರಲಿಲ್ಲ. ಆಮೇಲೆ ಗೇಜ್ ಬದಲಿಸುವ ಕೆಲಸ ಅಂತ ಅದೂ ನಿಂತಿತು. 2011ರಲ್ಲಿ ತಾಳಗುಪ್ಪಕ್ಕೆ ದೊಡ್ಡ ರೈಲು ಬಂತು. ಅಪ್ಪನಿಗೆ ಹೇಳಿ, ಅವರು ಓಡಾಡಿದ ಹಳಿ ಈಗ ಇಲ್ಲ, ದಾರಿ ಮಾತ್ರ ಹೆಚ್ಚುಕಡಿಮೆ ಅದೇ.

ಈಗ ರೈಲಿನ ವಿಷಯ. ಮೈಸೂರಿನಿಂದ ಬೆಂಗಳೂರು ಮೇಲೆ ಬರುವ ರಾತ್ರಿ ರೈಲು ನಿಮಗೆ ಸರಿ. ಮಲಗಿ ಎದ್ದರೆ ಬೆಳಿಗ್ಗೆ ಇಲ್ಲಿ. ಹಗಲು ಬೇಕಿದ್ದರೆ ಬೆಂಗಳೂರಿನ ಇಂಟರ್‌ಸಿಟಿ ಇದೆ. ಮೈಸೂರಿಗೆ ಕುವೆಂಪು ಎಕ್ಸ್‌ಪ್ರೆಸ್ ಇದೆ. ಟೈಮ್ ಆಗಾಗ ಬದಲಾಗುತ್ತೆ, ಬುಕ್ ಮಾಡುವಾಗ ನೋಡಿಕೊಳ್ಳಿ. ಸಾಗರಕ್ಕೆ ಮಾಡಿಸೋದಾದರೆ 'ಸಾಗರ ಜಂಬಗಾರು' ಅಂತ ಹುಡುಕಿ. ಮಧ್ಯಪ್ರದೇಶದಲ್ಲೂ ಒಂದು ಸಾಗರ್ ಇದೆ.

ಸಿದ್ದಾಪುರದ ಟೀಚರ್:
ಮೇಲಿನವರು ಇತಿಹಾಸ ಚೆನ್ನಾಗಿ ಹೇಳಿದರು, ಇಳಿಯೋದು ಎಲ್ಲಿ ಅನ್ನೋದು ಮರೆತರು ಅನ್ಸುತ್ತೆ. ತಾಳಗುಪ್ಪದಿಂದ ಜೋಗ ಸುಮಾರು 15 ಕಿಲೋಮೀಟರ್, ಸಾಗರದಿಂದ ಸುಮಾರು 30. ದೂರ ನೋಡಿದರೆ ತಾಳಗುಪ್ಪವೇ. ಆದರೆ ಸಾಗರದಲ್ಲಿ ಲಾಡ್ಜ್ ಇದೆ, ಬಿಸಿನೀರಿನ ಸ್ನಾನ ಆಗುತ್ತೆ, ತಿಂಡಿ ಸಿಗುತ್ತೆ, ಜೋಗಕ್ಕೆ ಬಸ್ಸು ಜಾಸ್ತಿ. ಅದಕ್ಕೇ ಜನ ಹಾಗೆ ಹೇಳೋದು. ನಿಮ್ಮ ತಂದೆಗೆ ಮಂಡಿನೋವು ಅಂದರೆ ಸಾಗರದಲ್ಲಿ ಇಳಿದು, ಸ್ವಲ್ಪ ವಿಶ್ರಾಂತಿ ತಗೊಂಡು, ಕಾರು ಮಾಡಿಕೊಂಡು ಹೋಗಿ. ಜೋಗದಲ್ಲಿ ಕೆಳಗಿಳಿಯುವ ಮೆಟ್ಟಿಲ ಆಸೆ ಬೇಡ, ಮೇಲಿಂದಲೇ ನೋಡಿಸಿ.

ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ, ಬರುವ ನೀರೆಲ್ಲ ಅಲ್ಲಿ ನಿಲ್ಲುತ್ತೆ. ಜೂನ್ ಶುರುವಿನಲ್ಲಿ ಬಂದರೆ ಬಂಡೆ ನೋಡಿ ವಾಪಸ್ ಹೋಗಬೇಕಾಗಬಹುದು. ಜುಲೈ ಮಧ್ಯದ ಮೇಲೆ ಬನ್ನಿ.

ಮಲ್ಲೇಶ್ವರದವಳು:
ತುಂಬಾ ಥ್ಯಾಂಕ್ಸ್! ಅಪ್ಪನಿಗೆ ಓದಿ ಹೇಳಿದೆ. ರೈಲ್‌ಬಸ್ ಅವರು ನೋಡೇ ಇಲ್ಲವಂತೆ, ಅಷ್ಟರಲ್ಲಿ ಬೆಂಗಳೂರಿಗೆ ಬಂದಾಗಿತ್ತು. ಈಗ ಒಂದು ಹಟ ಹಿಡಿದಿದ್ದಾರೆ. ಹೋದರೆ ಕೊನೆ ಸ್ಟೇಷನ್ ತನಕ ಹೋಗಬೇಕಂತೆ. ತಾಳಗುಪ್ಪದಲ್ಲಿ ನೋಡೋದಕ್ಕೆ ಏನಾದರೂ ಇದೆಯಾ?

ಸಾಗರದ ಅಡಿಕೆ ಬೆಳೆಗಾರ:
ಹಟ ಸರಿಯಾಗಿದೆ, ನಾನು ಅವರ ಕಡೆ. ಸಾಗರದಲ್ಲಿ ರೈಲು ಬಹುಪಾಲು ಖಾಲಿಯಾಗುತ್ತೆ. ಅಲ್ಲಿಂದ ಮುಂದೆ ಬೋಗಿಯಲ್ಲಿ ಬೆರಳೆಣಿಕೆಯ ಜನ, ಎರಡೂ ಕಡೆ ಗದ್ದೆ, ತೋಟ, ನಡುವೆ ಕಾನಲೆ ಅಂತ ಸಣ್ಣ ಸ್ಟೇಷನ್. ತಾಳಗುಪ್ಪದಲ್ಲಿ ಇಳಿದ ತಕ್ಷಣ ಆಟೋ ಹಿಡಿಯೋಕೆ ಓಡಬೇಡಿ. ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ. ಎಂಜಿನ್ ಕೊಂಡಿ ಬಿಡಿಸಿಕೊಂಡು ಮುಂದೆ ಹೋಗಿ, ಪಕ್ಕದ ಹಳಿಗೆ ಬಂದು, ಇಡೀ ರೈಲನ್ನು ದಾಟಿ ಆ ತುದಿಗೆ ಹೋಗಿ ಸೇರಿಕೊಳ್ಳುತ್ತೆ. ಕೊಂಡಿ ಹಾಕುವವರು ಬೋಗಿ ನಡುವೆ ನಿಂತು ಕೈ ಸನ್ನೆ ಮಾಡ್ತಾರೆ, ಎಂಜಿನ್ ಇಂಚಿಂಚೇ ಹಿಂದೆ ಬರುತ್ತೆ, ಆಮೇಲೆ ಗಡಕ್ ಅಂತ ಸದ್ದು. ದಾರಿ ನಡುವಿನ ಸ್ಟೇಷನ್‌ಗಳಲ್ಲಿ ಇದು ಸಾಮಾನ್ಯವಾಗಿ ನೋಡೋಕೆ ಸಿಗಲ್ಲ.

ವಾಪಸ್ ಹಗಲಲ್ಲಿ ಬಂದರೆ ಅರಸಾಳು ಬಂದಾಗ ಕಿಟಕಿ ಹತ್ತಿರ ಇರಿ. ಶಂಕರ್ ನಾಗ್ ಶೂಟಿಂಗ್ ಮಾಡಿದ ಹಳೇ ಸ್ಟೇಷನ್ ಕಟ್ಟಡವನ್ನು ರೈಲ್ವೆಯವರು ಮ್ಯೂಸಿಯಂ ಮಾಡಿ ಚೆನ್ನಾಗಿ ಇಟ್ಟಿದ್ದಾರೆ.

ಸಿದ್ದಾಪುರದ ಟೀಚರ್:
ನಮ್ಮೂರಿಗೂ, ಶಿರಸಿಗೂ, ಹುಬ್ಬಳ್ಳಿಗೂ ಈ ಲೈನ್ ಮುಂದುವರಿಸಿ ಅಂತ ಎಷ್ಟು ಕಾಲದಿಂದ ಕೇಳ್ತಿದ್ದೇವೆ. ಹೊನ್ನಾವರದ ಕಡೆಗೆ ಅಂದರೆ ಘಟ್ಟ ಇಳಿಯಬೇಕು, ಸಿಂಗಳೀಕಗಳಿರುವ ಶರಾವತಿ ಕಾಡು ಕಡಿಯಬೇಕು. ಅದು ನನಗೆ ಬೇಡ. ಶಿರಸಿ ಕಡೆಗೆ ಬಂದರೆ ಸಾಕು. ಈಗ ನಮ್ಮ ಮಕ್ಕಳು ಬೆಂಗಳೂರು ರೈಲು ಹಿಡಿಯೋಕೆ ಲಗೇಜ್ ಹೊತ್ತು ತಾಳಗುಪ್ಪಕ್ಕೇ ಬರಬೇಕು.

ನಿಮ್ಮ ಅಪ್ಪ ಅಮ್ಮ ಬರುವ ದಿನ ಗೊತ್ತಾದರೆ ಇಲ್ಲೇ ಬರೆಯಿರಿ. ತಾಳಗುಪ್ಪದಲ್ಲಿ ಬೆಳಿಗ್ಗೆ ಕಾರು ಸಿಗುವ ಹಾಗೆ ಮೊದಲೇ ಹೇಳಿಡಬೇಕಾಗುತ್ತೆ.