ಅಪ್‌ಡೇಟ್: ಮಕ್ಕಳ ಜೊತೆ ಸಮುದ್ರಕ್ಕೆ ಹೋಗಿ ಬಂದೆವು

ದಾವಣಗೆರೆಯಿಂದ ಅತ್ತೆ, ಇಬ್ಬರು ಮಕ್ಕಳ ಜೊತೆ ಹೋಗಲು ಗದ್ದಲವಿಲ್ಲದ ಬೀಚ್ ಯಾವುದು, ಸರ್ಫಿಂಗ್ ಬಟ್ಟೆ ನಿಜವಾಗಲೂ ಬೇಕಾ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು. ಹೊನ್ನಾವರದ ಹತ್ತಿರದ ಕಾಸರಕೋಡಿಗೆ. ಶಿವಮೊಗ್ಗ, ಸಾಗರದ ಮೇಲೆ ದಾರಿ. ಘಾಟಿಯಲ್ಲಿ ಚಿಕ್ಕವನು ವಾಂತಿ ಮಾಡಿದ, ಅದು ಬಿಡಿ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ ಬೀಚ್ ಇದು. ಮಂಗಳವಾರ ಹೋಗಿದ್ದಕ್ಕೆ ಜನ ಕಮ್ಮಿ ಇದ್ದರು.

ಈಗ ಬಟ್ಟೆ ವಿಷಯ. ಮಗಳಿಗೆ ತುಂಬು ತೋಳಿನ ರ‍್ಯಾಶ್ ಗಾರ್ಡ್ (ಮೈಗೆ ಅಂಟಿಕೊಳ್ಳುವ ಸರ್ಫಿಂಗ್ ಅಂಗಿ) ತಂದಿದ್ದೆ, ಮಗನಿಗೆ ಸುಮ್ನೆ ಯಾಕೆ ದುಡ್ಡು ಅಂತ ಮನೆಯ ಟೀ ಶರ್ಟನ್ನೇ ಹಾಕಿದೆ. ಹತ್ತಿ ಗಿರಣಿಗಳ ಊರಿನವಳಾಗಿ ಹೇಳಲು ಬೇಜಾರು, ಆದರೆ ಸಮುದ್ರಕ್ಕೆ ಕಾಟನ್ ಆಗುವುದಿಲ್ಲ. ನೀರು ಕುಡಿದು ಮೊಣಕಾಲವರೆಗೆ ಜೋತುಬಿತ್ತು, ಕಂಕುಳಲ್ಲಿ ಮರಳು ಉಜ್ಜಿ ಉಜ್ಜಿ ಕೆಂಪಗಾಯಿತು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುವಾಗ ಒಂದೇ ಸಮ ಅತ್ತ. ಮಗಳ ನೈಲಾನ್ ಸ್ಪ್ಯಾಂಡೆಕ್ಸ್ (ಹಿಗ್ಗುವ ನೂಲು) ಅಂಗಿ ಮೈಗೆ ಅಂಟಿಕೊಂಡೇ ಇತ್ತು, ದಡಕ್ಕೆ ಬಂದ ಮೇಲೆ ಬೇಗ ಒಣಗಿತು. ಯುಪಿಎಫ್ (ಬಟ್ಟೆ ಬಿಸಿಲನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) 50 ಅಂತ ಬರೆದಿರುವುದನ್ನು ನೋಡಿ ತಗೊಳ್ಳಿ, ಬಿಸಿಲಿನ ಯುವಿ ಕಿರಣದಲ್ಲಿ 50ಕ್ಕೆ ಒಂದು ಪಾಲಷ್ಟೇ ಚರ್ಮಕ್ಕೆ ತಾಗುತ್ತದೆ. ಮುಖ, ಕುತ್ತಿಗೆಗೆ ಸನ್‌ಸ್ಕ್ರೀನ್ ಬೇಕೇ ಬೇಕು.

ಅತ್ತೆಗೆ ಇದ್ಯಾವುದೂ ಬೇಕಾಗಲಿಲ್ಲ. ಸೀರೆ ಎತ್ತಿ ಕಟ್ಟಿ ಪಾದ ನೆನೆಸಿಕೊಂಡು ಬಂದು, ಗಾಳಿಮರದ ನೆರಳಲ್ಲಿ ಊರಿಂದ ತಂದ ಮಂಡಕ್ಕಿ ತಿನ್ನುತ್ತಾ ಕೂತರು. ಅವರೇ ಎಲ್ಲರಿಗಿಂತ ಜಾಸ್ತಿ ಖುಷಿಯಾಗಿದ್ದರು ಅನಿಸುತ್ತದೆ.

ಮಗಳ ಆ ಸರ್ಫಿಂಗ್ ಬಟ್ಟೆಯಂಥದ್ದನ್ನು ವಾಷಿಂಗ್ ಮೆಷಿನ್ನಿನ ಬಿಸಿನೀರಿಗೆ ಹಾಕಬೇಡಿ, ಹಿಗ್ಗುವ ಗುಣ ಹೋಗುತ್ತದೆ. ತಣ್ಣೀರಲ್ಲಿ ಉಪ್ಪು ಹೋಗುವಂತೆ ಜಾಲಿಸಿ ನೆರಳಲ್ಲಿ ಹರವಿದರೆ ಸಾಕು. ಮಗನಿಗೂ ಒಂದು ಆರ್ಡರ್ ಮಾಡಿದ್ದೇನೆ.