ವಾಯುಮಾಲಿನ್ಯದ ಸಂಶೋಧನೆಗೆ ಹೋಗಲಾ? ಹೋದವರು ಹೇಳಿ

ಪ್ರಶ್ನೆ: ನಾನು ದಾವಣಗೆರೆಯವಳು. ಎಂಎಸ್ಸಿ ಕೆಮಿಸ್ಟ್ರಿ ಕೊನೆಯ ವರ್ಷ. ಗಾಳಿಯ ರಸಾಯನ, ವಾಯುಮಾಲಿನ್ಯ, ಇದರಲ್ಲೇ ಪಿಎಚ್‌ಡಿ ಮಾಡುವ ಆಸೆ. ಮನೆಯಲ್ಲಿ ಫಾರ್ಮಾ ಕಂಪನಿಯ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಕೆಲಸಕ್ಕೆ ಸೇರು, ಇಲ್ಲಾಂದ್ರೆ ಬಿಎಡ್ ಮಾಡು ಅಂತಿದ್ದಾರೆ. ಬಿಎಸ್ಸಿಯಲ್ಲಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂಲಜಿ) ಓದಿದ್ದರಿಂದ ಗಣಿತ ಬಿಟ್ಟು ಬಹಳ ವರ್ಷ ಆಯಿತು. ದಿನದ ಕೆಲಸ ಹೇಗಿರುತ್ತದೆ, ದುಡ್ಡು ಎಷ್ಟು, ಕೊನೆಗೆ ಕೆಲಸ ಸಿಗುತ್ತಾ? ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ.

ಫಿಲ್ಟರ್ ಕೆಲಸ ಮಾಡಿದವಳು: ತಂಗಿ, ನಾನೂ ಕೆಮಿಸ್ಟ್ರಿಯಿಂದಲೇ ಬಂದವಳು. ಪಿಎಚ್‌ಡಿ ಆಗಿದ್ದು ಉತ್ತರ ಭಾರತದಲ್ಲಿ. ದಿನದ ಕೆಲಸ ಕೇಳಿದೆಯಲ್ಲ, ಅದನ್ನೇ ಹೇಳುತ್ತೇನೆ.

ಪಿಎಂ 2.5 ಅಂದರೆ 2.5 ಮೈಕ್ರಾನಿಗಿಂತ ಸಣ್ಣ ಕಣ. ಅದನ್ನು ಹಿಡಿಯುವ ನಮ್ಮ ಸ್ಯಾಂಪ್ಲರ್ ನಿಮಿಷಕ್ಕೆ 16.7 ಲೀಟರ್ ಗಾಳಿ ಎಳೆಯುತ್ತದೆ. 24 ಗಂಟೆಗೆ 24 ಘನ ಮೀಟರ್ ಆಯಿತು. ಗಾಳಿಯಲ್ಲಿ ಘನ ಮೀಟರಿಗೆ 50 ಮೈಕ್ರೋಗ್ರಾಂ ಇದ್ದರೆ, ಇಡೀ ದಿನ ಓಡಿಸಿದ ಫಿಲ್ಟರ್ ಮೇಲೆ ಕೂರುವುದು 1.2 ಮಿಲಿಗ್ರಾಂ. ಅಷ್ಟೇ! ಅದನ್ನು ತೂಗಬೇಕು. ಆಮೇಲೆ ಅದರಲ್ಲೇ ಸಲ್ಫೇಟ್ ಎಷ್ಟು, ನೈಟ್ರೇಟ್ ಎಷ್ಟು, ಸೀಸ ಎಷ್ಟು ಅಂತ ಬಿಡಿಸಬೇಕು. ಹಾಗಾಗಿ ಕೈ ತಗಲಿಸುವ ಹಾಗಿಲ್ಲ, ಚಿಮಟವೇ ಗತಿ. ತೂಗುವ ಮೊದಲು ಫಿಲ್ಟರನ್ನು ಉಷ್ಣತೆ, ತೇವಾಂಶ ಏರುಪೇರಾಗದ ಕೋಣೆಯಲ್ಲಿ ಒಂದು ದಿನ ಇಡಬೇಕು. ಸ್ಯಾಂಪಲ್ ತಂದ ಮೇಲೂ ಅದೇ ಕಥೆ. ಟೆಫ್ಲಾನ್ ಫಿಲ್ಟರಿಗೆ ಸ್ಟ್ಯಾಟಿಕ್ ಹಿಡಿದರೆ ತಕ್ಕಡಿಯ ಅಂಕಿ ನಿಲ್ಲುವುದೇ ಇಲ್ಲ. ಕಾರ್ಬನ್ ನೋಡಲು ಕ್ವಾರ್ಟ್ಜ್ ಫಿಲ್ಟರ್ ಬೇರೆ. ಅದನ್ನು ಮೊದಲೇ ಫರ್ನೇಸ್‌ನಲ್ಲಿ ಕಾಯಿಸಿ, ಅಂಟಿದ ಕಾರ್ಬನ್ ಎಲ್ಲ ಹೋಗಿಸಿರಬೇಕು. ಇದರ ಜೊತೆಗೆ ಫೀಲ್ಡ್ ಬ್ಲಾಂಕ್. ಗಾಳಿ ಎಳೆಯದೆ ಸುಮ್ನೆ ತೆಗೆದುಕೊಂಡು ಹೋಗಿ ವಾಪಸ್ ತರುವ ಫಿಲ್ಟರ್ ಅದು. ಅದರಲ್ಲಿ ಸಿಕ್ಕಿದ್ದನ್ನು ಲೆಕ್ಕದಿಂದ ಕಳೆಯಬೇಕು. ಬ್ಲಾಂಕ್ ಇಲ್ಲದ ಡೇಟಾವನ್ನು ಯಾರೂ ನಂಬುವುದಿಲ್ಲ.

ಗಂಗಾ ಬಯಲಿನಲ್ಲಿ ಚಳಿಗಾಲವೇ ನಮಗೆ ಸೀಸನ್. ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ. ಹೊಗೆ ಮೇಲೇಳದೆ ಕೆಳಗೇ ಉಳಿಯುತ್ತದೆ. ಎಲ್ಲರೂ ಹಬ್ಬಕ್ಕೆ ಊರಿಗೆ ಹೋದರೆ, ದೀಪಾವಳಿ ರಾತ್ರಿ ಟೆರೇಸ್ ಹತ್ತಿ ಫಿಲ್ಟರ್ ಬದಲಿಸುವುದು ನಮ್ಮ ಪಾಲು. ಕರೆಂಟ್ ಹೋದರೆ ಆ ದಿನದ ಸ್ಯಾಂಪಲ್ ಹೋದ ಹಾಗೆ.

ಇದೆಲ್ಲ ಓದಿ ಬೇಜಾರಾದರೆ ಈ ಕಡೆ ಬರಬೇಡ. ಓದುವಾಗಲೇ ಕೈ ತುರಿಸಿದರೆ ಬಾ. ಸೇರುವ ಮುಂಚೆ ಆ ಲ್ಯಾಬಿನಲ್ಲಿ ಯಾವ ಉಪಕರಣ ಓಡುತ್ತಿದೆ ಕೇಳು. ಇರುವುದು ಬೇರೆ, ಓಡುವುದು ಬೇರೆ. ಕೆಟ್ಟರೆ ಸರ್ವಿಸ್ ಇಂಜಿನಿಯರ್ ಬರಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಗೈಡ್ ಹತ್ತಿರ ಕೇಳಿದರೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ! ಅಲ್ಲಿ ಮೂರನೇ, ನಾಲ್ಕನೇ ವರ್ಷದಲ್ಲಿರುವ ವಿದ್ಯಾರ್ಥಿಗೆ ಫೋನ್ ಮಾಡು.

ಪುಣೆಯಿಂದ, ಮಾಡೆಲಿಂಗ್: ನಾನು ಫಿಲ್ಟರ್ ಮುಟ್ಟಿದವನೇ ಅಲ್ಲ. ನನ್ನ ದಿನವೆಲ್ಲ ಲಿನಕ್ಸ್ ಪರದೆ ಮುಂದೆ. ಡಬ್ಲ್ಯುಆರ್‌ಎಫ್-ಕೆಮ್, ಜಿಯೋಸ್-ಕೆಮ್ ತರಹದ, ಗಾಳಿಯ ರಸಾಯನವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಮಾಡೆಲ್ ಓಡಿಸುತ್ತೇವೆ. ಒಳಗೆಲ್ಲ ಫೋರ್ಟ್ರಾನ್ ಭಾಷೆಯ ಕೋಡ್. ಗ್ರಾಫ್‌ಗೆ ಪೈಥಾನ್.

ಗಣಿತದ ಭಯ ಬಿಡಿ. ಕೈನೆಟಿಕ್ಸ್‌ನಲ್ಲಿ ರೇಟ್ ಈಕ್ವೇಶನ್ (ಕ್ರಿಯೆಯ ವೇಗದ ಸಮೀಕರಣ) ಬಿಡಿಸಿದ್ದೀರಿ ಅಲ್ವಾ? ಮಾಡೆಲಿನ ಕೆಮಿಸ್ಟ್ರಿ ಭಾಗ ಅದೇ, ನೂರಾರು ಈಕ್ವೇಶನ್ ಒಟ್ಟಿಗೆ. ಕೆಮಿಸ್ಟ್ರಿ ಬಲ್ಲವರಿಗೆ ಇಲ್ಲಿ ಒಂದು ಲಾಭವೂ ಇದೆ. ಸಿಲ್ಕ್ ಬೋರ್ಡ್‌ನಂಥ ಜಂಕ್ಷನ್ನಿನಲ್ಲಿ ಓಝೋನ್ ಕಡಿಮೆ ಬಂದರೆ ಗಾಳಿ ಶುದ್ಧ ಅಂತಲ್ಲ. ಗಾಡಿಗಳು ಬಿಡುವ ನೈಟ್ರಿಕ್ ಆಕ್ಸೈಡ್ ಅಲ್ಲೇ ಓಝೋನನ್ನು ತಿಂದುಹಾಕುತ್ತದೆ. ಅದೇ ಗಾಳಿ ಬಿಸಿಲಿನಲ್ಲಿ ಊರಾಚೆ ಸಾಗಿದರೆ, ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಓಝೋನ್ ಏರುತ್ತದೆ. ಬರೀ ಕೋಡಿಂಗ್ ಕಲಿತು ಬಂದವರು ಇಂಥ ಕಡೆ ಎಡವುವುದನ್ನು ನೋಡಿದ್ದೇನೆ.

ಇಂದೇ ಶುರು ಮಾಡಬಹುದು. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುವಾಗಿದ್ದು 2019ರಲ್ಲಿ. ಅದರ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ನಿಮ್ಮ ದಾವಣಗೆರೆಯೂ ಇದೆ. ದೇವರಾಜ ಅರಸು ಬಡಾವಣೆಯಲ್ಲಿ ಮಾಪನ ಕೇಂದ್ರ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಾಣದಲ್ಲಿ ಡೇಟಾ ಪುಕ್ಕಟೆ. ಒಂದು ವರ್ಷದ್ದು ಇಳಿಸಿಕೊಂಡು, ಗಂಟೆಗಂಟೆಯ ಸರಾಸರಿ ಬಿಡಿಸಿ ನೋಡಿ. ಬೆಳಗ್ಗೆ, ಸಂಜೆ ಏರಿಕೆ ಕಾಣುತ್ತದಾ? ಭಾನುವಾರ ಬೇರೆ ಥರ ಇದೆಯಾ? ಗೈಡ್‌ಗೆ ಬರೆಯುವ ಮೊದಲ ಮೇಲ್‌ಗೆ ಆ ಒಂದು ಗ್ರಾಫ್ ಲಗತ್ತಿಸಿ. 'ಐ ಆಮ್ ಹಾರ್ಡ್ ವರ್ಕಿಂಗ್' ಅಂತ ಬರೆದ ಮೇಲ್‌ಗಳನ್ನು ಯಾರೂ ಓದುವುದಿಲ್ಲ.

ಅಹಮದಾಬಾದಿನಿಂದ: ಪಿಎಚ್‌ಡಿ ಫೆಲೋಶಿಪ್‌ಗೆ ಬರೆಯುವ ಪರೀಕ್ಷೆ ಬಗ್ಗೆ ಚಿಕ್ಕದಾಗಿ. ಸಿಎಸ್‌ಐಆರ್ ನೆಟ್‌ನಲ್ಲಿ ಭೂಮಿ, ವಾತಾವರಣ, ಸಾಗರ ವಿಜ್ಞಾನಗಳಿಗೆ ಪ್ರತ್ಯೇಕ ಪತ್ರಿಕೆ ಇದೆ. ಆದರೆ ಕೆಮಿಸ್ಟ್ರಿಯಲ್ಲಿ ನೆಟ್ ಆದವರನ್ನೂ ಹಲವು ಲ್ಯಾಬ್‌ಗಳು ತೆಗೆದುಕೊಳ್ಳುತ್ತವೆ. ಜಾಹೀರಾತು ನೋಡಿ. ಪುಣೆಯ ಐಐಟಿಎಂ, ಇಲ್ಲಿನ ಪಿಆರ್‌ಎಲ್, ನೈನಿತಾಲದ ಏರೀಸ್, ಆಂಧ್ರದ ಗಾದಂಕಿಯ ಎನ್‌ಎಆರ್‌ಎಲ್, ಐಸರ್ ಮೊಹಾಲಿ, ನಮ್ಮ ಐಐಎಸ್ಸಿ, ಈ ಸಂಶೋಧನಾ ಸಂಸ್ಥೆಗಳೆಲ್ಲವನ್ನೂ ಪಟ್ಟಿಯಲ್ಲಿಡಿ. ಜೆಆರ್‌ಎಫ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000. ಬಾಡಿಗೆ ಭತ್ಯೆ ಬೇರೆ. ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡು ಇಟ್ಟುಕೊಂಡೇ ಹೊರಡಿ.

ಬೆಂಗಳೂರು, ಕನ್ಸಲ್ಟೆನ್ಸಿ: ಕೊನೆಗೆ ಕೆಲಸ ಸಿಗುತ್ತಾ ಅಂದರೆ, ಸಿಗುತ್ತದೆ. ಪ್ರೊಫೆಸರ್ ಕೆಲಸ ಮಾತ್ರ ಕಷ್ಟ. ಪಿಎಚ್‌ಡಿ ಆದ ಮೇಲೆ ಜರ್ಮನಿ, ಅಮೆರಿಕ ಅಂತ ಪೋಸ್ಟ್‌ಡಾಕ್ ಮಾಡಿ ಬಂದವರೂ ಇಲ್ಲಿ ಸರದಿಯಲ್ಲಿದ್ದಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಹುದ್ದೆ ಕರೆದಾಗ ಬಿಡಬೇಡಿ, ಕರೆಯುವುದೇ ಅಪರೂಪ. ಸಿ-ಸ್ಟೆಪ್‌ನಂಥ ನೀತಿ ಸಂಸ್ಥೆಗಳಿವೆ, ಸೆನ್ಸರ್ ಕಂಪನಿಗಳಿವೆ. ನಮ್ಮಲ್ಲಿ ಪರಿಸರ ಪರಿಣಾಮ ವರದಿ, ಚಿಮಣಿ ಹತ್ತಿ ಹೊಗೆ ಅಳೆಯುವುದು. ಸಂಬಳ ಸಾಧಾರಣ. ಕ್ಲೈಂಟ್‌ಗೆ ಬೇಕಾದ ಅಂಕಿ ಬರದಿದ್ದರೆ ಮುಖ ಊದಿಸಿಕೊಳ್ಳುತ್ತಾರೆ. ಅದಕ್ಕೂ ಗುಂಡಿಗೆ ಬೇಕು.

ಇನ್ನೊಂದು. ಕ್ಯೂಸಿ ಕೆಲಸವನ್ನು ಅಷ್ಟು ತಳ್ಳಿಹಾಕಬೇಡಿ. ಒಂದು ವರ್ಷ ಎಚ್‌ಪಿಎಲ್‌ಸಿ (ಮಿಶ್ರಣ ಬಿಡಿಸಿ ಅಳೆಯುವ ಯಂತ್ರ) ಓಡಿಸಿ, ಕ್ಯಾಲಿಬ್ರೇಶನ್ ಕರ್ವ್ ಹಾಕಿ, ಆಡಿಟ್ ಎದುರಿಸಿದ ಹುಡುಗಿಯನ್ನು ಯಾವ ಏರೋಸಾಲ್ (ಗಾಳಿಯಲ್ಲಿನ ಕಣ) ಲ್ಯಾಬ್ ಬೇಡ ಅನ್ನುತ್ತದೆ? ಅಪ್ಪ ಅಮ್ಮನಿಗೂ ಸಮಾಧಾನ. ನೆಟ್‌ಗೆ ಓದಿಕೊಳ್ಳಲು ಸಮಯವೂ ಸಿಗುತ್ತದೆ, ಶಿಫ್ಟ್ ಒಪ್ಪಿದರೆ. ಹವಾಮಾನ ವಿಜ್ಞಾನಿ ವೀರಭದ್ರನ್ ರಾಮನಾಥನ್ ಕೂಡ ಇಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಫ್ರಿಜ್ ಕಂಪನಿಯಲ್ಲಿ ಅನಿಲ ಸೋರಿಕೆ ನೋಡಿಕೊಳ್ಳುತ್ತಿದ್ದರು. ಆಮೇಲೆ ನಮ್ಮ ಐಐಎಸ್ಸಿ, ಅಲ್ಲಿಂದ ಅಮೆರಿಕ. ಅದೇ ಜಾತಿಯ ಸಿಎಫ್‌ಸಿ ಅನಿಲಗಳು ಭೂಮಿಯನ್ನು ಬಿಸಿ ಮಾಡುತ್ತವೆ ಅಂತ 1975ರಲ್ಲಿ ತೋರಿಸಿದವರು ಅವರೇ.

ಪ್ರಶ್ನೆ ಕೇಳಿದವಳು: ಎಲ್ಲರಿಗೂ ಥ್ಯಾಂಕ್ಸ್. ಕ್ಯೂಸಿ ವಿಷಯ ಅಪ್ಪನಿಗೆ ಓದಿ ಹೇಳಿದೆ, ಅರ್ಧ ಒಪ್ಪಿದ್ದಾರೆ. ಅಕ್ಕ, ನನಗೆ ಧೂಳಿನ ಅಲರ್ಜಿ ಇದೆ. ಚಳಿಗಾಲದಲ್ಲಿ ವೀಸಿಂಗ್ (ಉಬ್ಬಸ) ಬರುತ್ತದೆ. ಫೀಲ್ಡ್ ಆಗುತ್ತಾ?

ಫಿಲ್ಟರ್ ಕೆಲಸ ಮಾಡಿದವಳು: ಡಾಕ್ಟರನ್ನು ಮೊದಲು ಕೇಳು. ಎನ್95 ಹಾಕಿಕೊಂಡು ಫಿಲ್ಟರ್ ಬದಲಿಸಿ ಇಳಿದುಬರಬಹುದು. ಆದರೆ ನವೆಂಬರ್‌ನಲ್ಲಿ ದೆಹಲಿಯಲ್ಲಿ ವಾಸ ಮಾಡುವುದಕ್ಕೆ ಮಾಸ್ಕ್ ಸಾಲದು. ಪಿಆರ್‌ಎಲ್, ಗಾದಂಕಿ, ಪುಣೆ ಮೊದಲು ನೋಡು. ಇಂಟರ್‌ವ್ಯೂನಲ್ಲಿ ಮುಚ್ಚಿಡಬೇಡ. ಸ್ಯಾಂಪಲ್ ತರುವವರು ಒಬ್ಬರು, ಸಲ್ಫೇಟ್, ನೈಟ್ರೇಟ್ ಅಳೆಯುವ ಐಯಾನ್ ಕ್ರೊಮಟೋಗ್ರಾಫ್ ಮುಂದೆ ಕೂರುವವರು ಇನ್ನೊಬ್ಬರು, ಎಷ್ಟೋ ಲ್ಯಾಬ್‌ಗಳಲ್ಲಿ ಹೀಗೆಯೇ ನಡೆಯುತ್ತದೆ. ಸೇರುವಾಗಲೇ ಮಾತಾಡಿಕೊಂಡರೆ ಆಯಿತು.