ಹಳೆ ಹೆಂಚಿನ ಮನೆ ಎದುರಿಗೆ ಕಪ್ಪು ಬಾಕ್ಸ್, ದೊಡ್ಡ ಗಾಜು: ಮಾಡ್ಲಿಕ್ಕೆ ಆಗ್ತದಾ? (ಅಡ್ಡಹೆಸರಿನವರ ಚರ್ಚೆ)

ಕಟಪಾಡಿಯವ: ಮಣ್ಣಲ್ಲಿ ಕಟ್ಟಿದ 15 ಇಂಚಿನ ಮುರಕಲ್ಲು ಗೋಡೆ, ಮೇಲೆ ಹೆಂಚು. ಜಗಲಿ ತೆಗೆದು ಚಪ್ಪಟೆ ಸ್ಲ್ಯಾಬಿನ ಬಾಕ್ಸ್, ಚಾವಡಿಗೆ 12 ಅಡಿ ಅಗಲದ ಗಾಜಿನ ಬಾಗಿಲು, ಹೊರಗೆಲ್ಲ ಕಪ್ಪು ಬಣ್ಣ ಅಂತ ಯೋಚನೆ. ಮನೆಯ ಮುಖ ಪಡುವಿಗೆ, ಸಮುದ್ರ 2 ಕಿ.ಮೀ. ಹಳೆ ಗೋಡೆ ಮೇಲೆಯೇ ಸ್ಲ್ಯಾಬ್ ಕೂರಿಸುವ ಅಂತಾರೆ ಮೇಸ್ತ್ರಿ. ಸರಿಯಾ?

ಸೆಂಟ್ರಿಂಗ್: ಬೇಡವೇ ಬೇಡ. 100 ಚದರಡಿಗೆ ಸುಮಾರು 150 ಹೆಂಚು. ಹೆಂಚು ಹೊರುವ ಮರದ ಪಕಾಸು, ರೀಪು ಸೇರಿದರೂ ಚದರಡಿಗೆ ಐದಾರು ಕಿಲೋ ಭಾರ. 5 ಇಂಚಿನ ಸ್ಲ್ಯಾಬ್ ಒಂದೇ 29 ಕಿಲೋ. ಕಲ್ಲುಗಳ ನಡುವಿನ ಮಣ್ಣು ಆ ಭಾರವನ್ನು ತಡೆಯುದಿಲ್ಲ. ಬಾಕ್ಸಿಗೆ ಬೇರೆಯೇ ಪಾಯ, ಬೇರೆ ಪಿಲ್ಲರ್ ಕೊಡಿ. ಹಳೆ ಗೋಡೆಗೂ ಅದಕ್ಕೂ 1 ಇಂಚು ಸಂದು ಬಿಡಿ. ಹೊಸ ಗುಂಡಿಯನ್ನು ಹಳೆ ಪಾಯದ ಮಗ್ಗುಲಲ್ಲೇ ಅದಕ್ಕಿಂತ ಆಳಕ್ಕೆ ತೋಡಬೇಡಿ, ಗೋಡೆ ಕೂತುಬಿಡ್ತದೆ.

12 ಅಡಿ ಬಾಗಿಲು ಆಗ್ತದೆ, ಆದರೆ ಮೊದಲೇ ಗೋಡೆ ಒಡೆಯಬಾರದು. ಮಾಡಿನ (ಛಾವಣಿಯ) ಭಾರಕ್ಕೆ ಒಳಗಿಂದ ಜಾಕಿ ಕೊಡಿ. ಗೋಡೆಯಲ್ಲಿ ಮೂರು ಅಡಿಗೊಂದು ತೂತು ಮಾಡಿ ಅಡ್ಡ ತೊಲೆ ತೂರಿಸಿ, ಎರಡೂ ಬದಿಗೆ ಆಧಾರ ನಿಲ್ಲಿಸಿ. ಆಮೇಲೆ ಗೋಡೆಯ ಅರ್ಧ ದಪ್ಪ ಕೊರೆದು ಒಂದು ಐ-ಬೀಮ್ (I ಆಕಾರದ ಉಕ್ಕಿನ ತೊಲೆ), ಅದು ಬಿಗಿದ ಮೇಲೆ ಇನ್ನೊಂದು ಬದಿಗೆ ಎರಡನೆಯದು. ಬೀಮಿನ ತುದಿ ಮುರಕಲ್ಲಿನ ಮೇಲೆ ನೇರ ಕೂರಬಾರದು, ಕೆಳಗೆ ಕಾಂಕ್ರೀಟ್ ಪ್ಯಾಡ್ ಬೇಕು. ಬೀಮಿಗೂ ಮೇಲಿನ ಗೋಡೆಗೂ ನಡುವಿನ ಸಂದಿಗೆ ಗಟ್ಟಿ ಸಿಮೆಂಟ್ ಗಾರೆ ತುರುಕಿ, ಒಂದು ವಾರ ಬಿಟ್ಟು ಕೆಳಗಿನ ಗೋಡೆ ತೆಗೆಯಿರಿ. ಬೀಮಿನ ಗಾತ್ರ ಇಂಜಿನಿಯರ್ ಲೆಕ್ಕ ಹಾಕಿ ಹೇಳಲಿ, ಮೇಸ್ತ್ರಿ ಅಲ್ಲ.

ಕಟಪಾಡಿಯವ: ಸಂದು ಬಿಟ್ಟರೆ ನೀರು ಬರುದಿಲ್ವಾ? ಸರಳು ತೂರಿಸಿ ಜೋಡಿಸಿಬಿಡ್ತೇನೆ ಅಂತಾರೆ ಮೇಸ್ತ್ರಿ.

ಮಳೆಗಾಲ: ಜೋಡಿಸಿದರೇ ನೀರು ಬರುದು. ಎರಡು ಪಾಯ ಒಂದೇ ಹಾಗೆ ಕೂರುದಿಲ್ಲ, ಬಿರುಕು ಗ್ಯಾರಂಟಿ. ಸಂದಿಗೆ ಅಲ್ಯೂಮಿನಿಯಂ ತಗಡಿನ ಹೊದಿಕೆ ಹಾಕಿ, ಹಳೆ ಗೋಡೆ ಬದಿಗೆ ಮಾತ್ರ ಮೊಳೆ ಹೊಡೆಯಿರಿ.

ನಿಜವಾದ ತಲೆನೋವು ಹೆಂಚಿನ ನೀರು ಸ್ಲ್ಯಾಬಿಗೆ ಬೀಳುವ ಜಾಗ. ಗಂಟೆಗೆ 100 ಮಿ.ಮೀ. ಮಳೆ ಹೊಡೆದರೆ 600 ಚದರಡಿ ಮಾಡಿನಿಂದ ಐದೂವರೆ ಸಾವಿರ ಲೀಟರಿಗಿಂತ ಹೆಚ್ಚು ಇಳೀತದೆ. ಅಲ್ಲಿ ಒಂದಡಿ ಅಗಲದ ದಂಬೆ (ನೀರು ಹರಿಯುವ ತೋಡು) ಇಡಿ, ಅದರ ತಗಡು ಹೆಂಚಿನಡಿಗೆ 6 ಇಂಚು ಮೇಲಕ್ಕೆ ಹೋಗಲಿ. 4 ಇಂಚಿನ ಪೈಪ್ ಎರಡಾದರೂ ಬೇಕು. ಒಂದೇ ಇದ್ದು ಅದಕ್ಕೆ ಹಲಸಿನ ಎಲೆ ಸಿಕ್ಕಿಕೊಂಡರೆ ನೀರು ಚಾವಡಿಗೇ. ಸ್ಲ್ಯಾಬಿಗೆ 100ಕ್ಕೆ 1 ಇಳಿಜಾರು ಕೊಟ್ಟು, 48 ಗಂಟೆ ನೀರು ಕಟ್ಟಿ ನೋಡಿಯೇ ಟೈಲ್ಸ್ ಹಾಕಿ.

ಸುಣ್ಣದ ಗೂಡು: ಕಪ್ಪು ಬಣ್ಣ ಹೊಸ ಬಾಕ್ಸಿಗೆ ಮಾತ್ರ ಸಾಕು. ಮಣ್ಣಲ್ಲಿ ಕಟ್ಟಿದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ಉಳಿದು ಹೊಪ್ಪಳೆ ಏಳ್ತದೆ; ಕಪ್ಪಿನಲ್ಲಿ ಉಪ್ಪಿನ ಬಿಳಿ ಕಲೆ ಇನ್ನೂ ಎದ್ದು ಕಾಣ್ತದೆ. ಹಳೆ ಭಾಗಕ್ಕೆ ಸುಣ್ಣ–ಮರಳು 1:3 ಗಾರೆ ಸಾಕು. ಬಿಳಿ ಗೋಡೆ ಎದುರು ಕಪ್ಪು ಬಾಕ್ಸ್ ಇನ್ನೂ ಚಂದ.

ಗಾಜಿನ ಬಾಗಿಲಿನ ಹೊರನೆಲ 4 ಇಂಚು ತಗ್ಗಿಸಿ. ಟ್ರ್ಯಾಕಿಗೆ ನೀರು ಹೋಗುವ ತೂತು ಇರಲಿ. ಹೊರಗಿನ ಸ್ಕ್ರೂ, ಹಿಡಿಕೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದೇ ತೆಗೊಳ್ಳಿ. 304 ಉಪ್ಪುಗಾಳಿಗೆ ಕಂದು ಕಲೆ ಹಿಡೀತದೆ.

ಹಾಂ, ಇಳಿಸಿದ ಹೆಂಚು ಮಾರಬೇಡಿ. ಹೊಸ ಹೆಂಚಿನ ಕಚ್ಚು ಹಳೆಯದಕ್ಕೆ ಸರಿ ಕೂರುದಿಲ್ಲ, ಒಡೆದಾಗ ಅದೇ ಬೇಕಾಗ್ತದೆ.